ಅಡುಗೆಮನೆಯ ಮೂಲೆಯಿಂದ ಎವರೆಸ್ಟ್‌ನಾಚೆಗೆ

ಹೊಸೂರಿನ ಬಳಿಯ ತಳಿ ಎಂಬ ಊರಿನ ಮನೆಯೊಂದರಲ್ಲಿ ದೀಪಾವಳಿಯ ಕಜ್ಜಾಯಕ್ಕೆ ಎಣ್ಣೆ ಕಾಯುತ್ತಿದೆ. ಬಾಣಲೆಗೆ ಬೆಂಕಿ ಹತ್ತಿತು ಅನ್ನಿ. ಗಾಬರಿಯಲ್ಲಿ ಯಾರೋ ಒಂದು ಲೋಟ ನೀರು ಎರಚಿದರು. ಬರೀ 200 ಮಿಲಿಲೀಟರು! ಆದರೆ ನೀರು ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಲೋಟದ ನೀರು ಕ್ಷಣದಲ್ಲಿ 340 ಲೀಟರಾಯಿತು. ಅದನ್ನು ತುಂಬಿಡಲು 15 ಲೀಟರಿನ ಬಿಂದಿಗೆಗಳು 22 ಇದ್ದರೂ ಸಾಲವು. ಅಷ್ಟೂ ಆವಿ ಉರಿಯುವ ಎಣ್ಣೆಯನ್ನು ಹೊತ್ತುಕೊಂಡೇ ಮೇಲೆ ಚಿಮ್ಮುತ್ತದೆ. ಒಲೆ ಆರಿಸಿ, ಬಾಣಲೆಗೆ ತಟ್ಟೆ ಮುಚ್ಚಿದ್ದರೆ ಸಾಕಿತ್ತು.

ಇದು ಸಣ್ಣ ಲೆಕ್ಕ. ಒಲೆಯ ಪಕ್ಕದ ಸಿಲಿಂಡರ್ ನೋಡಿ. ಒಳಗಿರುವುದು 14.2 ಕಿಲೋ ಗ್ಯಾಸ್, ದ್ರವರೂಪದಲ್ಲಿ ಸುಮಾರು 26 ಲೀಟರು. ಹೊರಗೆ ಬಂದರೆ ಒಂದೊಂದು ಲೀಟರೂ ಸುಮಾರು 250 ಲೀಟರಾಗಿ ಹರಡುತ್ತದೆ. ಒಟ್ಟು 6,500 ಲೀಟರು! ತಾರಸಿಯ ಮೇಲಿಡುವ ಸಾವಿರ ಲೀಟರಿನ ಆರೂವರೆ ಟ್ಯಾಂಕು. ಹೊತ್ತಿಕೊಳ್ಳಲು ನೂರು ಪಾಲು ಗಾಳಿಯಲ್ಲಿ ಈ ಗ್ಯಾಸ್ ಎರಡು ಪಾಲು ಬೆರೆತರೆ ಸಾಕು. ಅಂದರೆ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ 11 ಕೋಣೆಗಳಿಗೆ ಒಂದೇ ಸಿಲಿಂಡರ್ ಸಾಕು.

ಇನ್ನು ಅದರ ಶಕ್ತಿ. ಬನ್ನೇರುಘಟ್ಟದ ಕಾಡಿನಿಂದ ಜವಳಗಿರಿಯತ್ತ ಬರುವ ಆನೆಗಳು ತಳಿಯ ಜನಕ್ಕೆ ಹೊಸಬರಲ್ಲ. ಅವುಗಳಲ್ಲಿ ನಾಲ್ಕು ಟನ್ ತೂಗುವ ಒಂದನ್ನು ಆರಿಸಿಕೊಳ್ಳೋಣ. 14.2 ಕಿಲೋ ಗ್ಯಾಸಿನ ಶಕ್ತಿ ಒಂದಿಷ್ಟೂ ಪೋಲಾಗದಿದ್ದರೆ ಆ ಆನೆಯನ್ನು ನೆಟ್ಟಗೆ 16 ಕಿಲೋಮೀಟರು ಮೇಲಕ್ಕೆತ್ತಬಹುದು. ಎವರೆಸ್ಟ್ ಇರುವುದೇ 8,849 ಮೀಟರು! ರಾಗಿಮುದ್ದೆ ಬೇಯಿಸುವ ಒಲೆಯ ಬದಿಯಲ್ಲಿ ನಾವು ಇಟ್ಟುಕೊಂಡಿರುವುದು ಇಷ್ಟು ಶಕ್ತಿಯನ್ನು.

ಬೆಂಕಿಯ ವೇಗವೂ ಅಂಥದ್ದೇ. ಫೋಮ್ ಸೋಫಾ ಇರುವ ಈಗಿನ ಕೋಣೆ ಐದು ನಿಮಿಷದೊಳಗೆ ಪೂರ್ತಿ ಹೊತ್ತಿಕೊಳ್ಳಬಲ್ಲದು ಎಂದು ಪ್ರಯೋಗಗಳು ತೋರಿಸಿವೆ. ಹೊಸೂರಿನಿಂದ ತಳಿಗೆ ಸುಮಾರು 25 ಕಿಲೋಮೀಟರು. ಅಲ್ಲಿಂದ ಅಗ್ನಿಶಾಮಕ ವಾಹನ ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಬಂದರೂ 25 ನಿಮಿಷ. ಅಷ್ಟರಲ್ಲಿ ಅಂಥ ಐದು ಕೋಣೆಗಳು ಒಂದಾದ ಮೇಲೊಂದು ಹೊತ್ತಿಕೊಳ್ಳಬಹುದು.

ದೇಶದ ಲೆಕ್ಕಕ್ಕೆ ಬನ್ನಿ. ಭಾರತದಲ್ಲಿ 32 ಕೋಟಿಗೂ ಹೆಚ್ಚು ಮನೆಬಳಕೆಯ ಗ್ಯಾಸ್ ಸಂಪರ್ಕಗಳಿವೆ. ಸಂಪರ್ಕಕ್ಕೆ ಒಂದರಂತೆ, ಎರಡಡಿ ಎತ್ತರದ ಸಿಲಿಂಡರುಗಳನ್ನು ಮಲಗಿಸಿ ಸಾಲಾಗಿ ಜೋಡಿಸಿದರೆ ಭೂಮಿಗೆ ಹೆಚ್ಚುಕಡಿಮೆ ಐದು ಸುತ್ತು! ಒಂದರ ಮೇಲೊಂದು ಪೇರಿಸಿದರೆ ಚಂದ್ರನ ಅರ್ಧ ದಾರಿ!

ಇಷ್ಟೆಲ್ಲಕ್ಕೂ ಕಾವಲಿಗೆ ನಿಂತಿರುವುದು ನಮ್ಮ ಮೂಗು. ಗ್ಯಾಸಿಗೆ ವಾಸನೆಗಾಗಿ ಬೆರೆಸುವ ಮರ್ಕ್ಯಾಪ್ಟನ್ ಶತಕೋಟಿಯಲ್ಲಿ ಒಂದು ಪಾಲಿದ್ದರೂ ಮನುಷ್ಯನ ಮೂಗಿಗೆ ತಿಳಿಯುತ್ತದೆ. ಸುಮಾರು 32 ವರ್ಷಗಳಲ್ಲಿ ಒಂದೇ ಒಂದು ಸೆಕೆಂಡನ್ನು ಹೆಕ್ಕಿ ತೆಗೆದಂತೆ! ಆ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ; ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಬೆಂಕಿ ಹತ್ತಿದ್ದರೆ 101. ಸಿಲಿಂಡರಿನಿಂದ ಒಲೆಗೆ ಗ್ಯಾಸ್ ತರುವ ಸುರಕ್ಷಾ ಟ್ಯೂಬಿನ ಆಯುಸ್ಸು ಐದೇ ವರ್ಷ. ಅದರ ಮೇಲೆ ಅಚ್ಚಾಗಿರುವ ಇಸವಿಯನ್ನು ಇವತ್ತೇ ನೋಡಿ. ರಾತ್ರಿ ಮಲಗುವ ಮುನ್ನ ರೆಗ್ಯುಲೇಟರ್ ತಿರುಗಿಸಿ ಬಂದ್ ಮಾಡಿ. ಅದಕ್ಕೆ ಹಿಡಿಯುವುದು ಒಂದು ಸೆಕೆಂಡು.