ಬಣ್ಣ ಬಳಿಯುವ ಹದ

ಬಿತ್ತನೆಗೆ ಹದವಿರುವಂತೆ ಬಣ್ಣಕ್ಕೂ ಒಂದು ಹದವುಂಟು. ಅಥಣಿ, ರಾಯಬಾಗಗಳ ಎರೆನೆಲದ ರೈತನು ಮಳೆ ಬಿದ್ದೊಡನೆ ಕೂರಿಗೆ ಹೂಡುವುದಿಲ್ಲ. ಹೊಲವನ್ನು ಹರಗಿ, ಕಸವನ್ನು ಆಯ್ದು, ನೆಲದ ಹಸಿಯು ತಕ್ಕಷ್ಟು ಆರುವವರೆಗೆ ಕಾಯುತ್ತಾನೆ. ಹಳೆಯ ಕಾರನ್ನು ಮೊದಲಿನ ರೂಪಕ್ಕೆ ತರಬಯಸುವವನೂ ಹಾಗೆಯೇ ಕಾಯಬೇಕು.

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿರುವಂತಹ ಹಳೆಯ ಕಾರುಗಳನ್ನು ಕಂಡಾಗ ಮೊದಲು ನಮ್ಮ ಕಣ್ಣನ್ನು ಸೆಳೆಯುವುದು ಅವುಗಳ ಬಣ್ಣ. ಆದರೆ ಮೊದಲು ಕಾಣುವುದನ್ನು ಮೊದಲು ಮಾಡಬೇಕೆಂದಿಲ್ಲ.

ಚಿಕ್ಕೋಡಿಯಲ್ಲಿ ನನ್ನ ಪರಿಚಿತರೊಬ್ಬರ ಬಳಿ ತಂದೆಯ ಕಾಲದ ಅಂಬಾಸಿಡರ್ ಕಾರೊಂದಿತ್ತು. ಮಗಳ ಮದುವೆಯ ದಿಬ್ಬಣ ಅದರಲ್ಲಿಯೇ ಹೊರಡಬೇಕೆಂಬ ಆಸೆಯಿಂದ ಅವರು ಮೊದಲು ಬಣ್ಣ ಹಚ್ಚಿಸಿದರು. ಅನಂತರ ನೋಡಿದರೆ ಬಾಗಿಲಿನ ಕೆಳಗೆ ತಗಡು ತುಕ್ಕು ತಿಂದಿತ್ತು. ಬೆಸುಗೆಯ ಕಾವಿಗೆ ಹೊಸ ಬಣ್ಣ ಸುಟ್ಟು ಗುಳ್ಳೆಯೆದ್ದಿತು. ಮುಂಭಾಗದ ಮೇಲೆ ಚೆಲ್ಲಿದ ಬ್ರೇಕ್ ಎಣ್ಣೆಯು ಅಲ್ಲಿನ ಬಣ್ಣವನ್ನೇ ಕರಗಿಸಿತು. ದಿಬ್ಬಣ ಬೇರೆ ವಾಹನದಲ್ಲಿ ಹೋಯಿತು. ‘ಮೇಲೆ ಥಳಕು, ಒಳಗೆ ಹುಳುಕು’ ಎಂಬ ಗಾದೆಯ ಅರ್ಥ ಅವರಿಗೆ ಅಂದು ಮನವರಿಕೆಯಾಯಿತು.

ಹಾಗಾದರೆ ಸರಿಯಾದ ಕ್ರಮ ಯಾವುದು? ಮೊದಲು ತುಕ್ಕನ್ನು ಕೆರೆದು ತೆಗೆದು, ತಗಡಿನ ಬೆಸುಗೆಯನ್ನು ಮುಗಿಸಬೇಕು. ಎಂಜಿನ್ನು, ಬ್ರೇಕುಗಳು ಸರಿಯಾಗಬೇಕು. ಬಳಿಕ ಬಾಗಿಲು, ಗಾಜುಗಳನ್ನು ಒಮ್ಮೆ ಕೂಡಿಸಿ, ಸಂದುಗಳು ಸಮನಾಗಿವೆಯೇ ಎಂದು ಪರೀಕ್ಷಿಸಬೇಕು. ಎಲ್ಲವೂ ಸರಿಯೆನಿಸಿದ ಮೇಲೆ ಮತ್ತೆ ಬಿಚ್ಚಿ ಬಣ್ಣ ಹಚ್ಚಬೇಕು. ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿಯೇ ನಿಂತಿತು. ಆದುದರಿಂದ ಅದರ ಮೂಲ ತಗಡನ್ನು ಕೆಡಿಸಿಕೊಳ್ಳುವುದು ದೊಡ್ಡ ನಷ್ಟವೇ ಸರಿ.

ಕೆಲಸದ ಕ್ರಮದಂತೆ ಋತುವನ್ನೂ ಅರಿಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಹ್ಯಾದ್ರಿಗೆ ಹತ್ತಿರವಾದ ನಿಪ್ಪಾಣಿಯ ಕಡೆ ಗಾಳಿಯಲ್ಲಿ ತೇವ ಹೆಚ್ಚು. ಬಣ್ಣದೊಳಗಿನ ದ್ರಾವಕವು ಆರುವಾಗ ತಗಡನ್ನು ತಂಪಾಗಿಸುತ್ತದೆ. ಆಗ ಗಾಳಿಯ ತೇವವು ಅದರ ಮೇಲೆ ಇಬ್ಬನಿಯಂತೆ ಕೂರುತ್ತದೆ. ಬೇಗ ಆರುವ ಲ್ಯಾಕರ್ ಬಣ್ಣವು ಇದರಿಂದ ಬೆಳ್ಳಗೆ ಮಂಕಾಗುತ್ತದೆ. ಕಡುಬೇಸಗೆಯಲ್ಲಿಯಾದರೋ ತುಂತುರು ಹನಿಗಳು ತಗಡನ್ನು ಮುಟ್ಟುವ ಮೊದಲೇ ಒಣಗಿ ಮೈ ಒರಟಾಗುತ್ತದೆ. ಆದುದರಿಂದ ಮಳೆ ಹಿಂದೆಗೆದು ಹಿಂಗಾರಿ ಜೋಳದ ಬಿತ್ತನೆ ಮುಗಿಯುವ ದಿನಗಳೇ ಬಣ್ಣಕ್ಕೂ ಅನುಕೂಲ. ಕಬ್ಬಿನ ಕಟಾವು ತೊಡಗಿದ ಮೇಲೆ ಕಾಗವಾಡದಿಂದ ರಾಯಬಾಗದವರೆಗೆ ರವದಿ ಸುಟ್ಟ ಬೂದಿ ಗಾಳಿಯಲ್ಲಿ ತೇಲಿಬರುವುದುಂಟು. ಹಸಿಬಣ್ಣಕ್ಕೆ ಅದು ಅಂಟದಂತೆ ಮುಚ್ಚಿದ ಕೊಠಡಿ ಬೇಕು. ಬಣ್ಣದ ಆವಿ ಶ್ವಾಸಕೋಶಕ್ಕೆ ಅಪಾಯಕಾರಿಯಾದುದರಿಂದ ಹೊಗೆಯನ್ನು ಹೊರದೂಡುವ ಏರ್ಪಾಡೂ, ತಕ್ಕ ಮುಖವಾಡವೂ ಅವಶ್ಯ. ಮೂಗಿಗೆ ಕಟ್ಟಿದ ಬಟ್ಟೆ ಸಾಲದು.

ಬಣ್ಣವು ಲೋಹವನ್ನು ನೀರಿನಿಂದಲೂ ಗಾಳಿಯಿಂದಲೂ ಕಾಯುತ್ತದೆ. ಆದರೆ ಒಳಗೆ ಉಳಿದ ತುಕ್ಕನ್ನು ಗುಣಪಡಿಸಲಾರದು. ನನ್ನ ಪರಿಚಿತರು ಮರುವರ್ಷ ಎಲ್ಲವನ್ನೂ ಕ್ರಮವಾಗಿ ಮಾಡಿಸಿದರು. ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಮಗಳು ಅಜ್ಜನ ಕಾರಿನಲ್ಲಿಯೇ ತವರಿಗೆ ಬಂದಳು.