ಸೆಕ್ಟರ್ ಫೈವ್‌ನ ಹತ್ತು ರಾತ್ರಿ

ಬೆಳಿಗ್ಗೆ ಹತ್ತರ ಹೊತ್ತಿಗೆ ಸೆಕ್ಟರ್ ಫೈವ್ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದರೆ ಎದುರಾಗುವುದೆಲ್ಲ ಎಳೆಯ ಮುಖಗಳೇ. ಕೊರಳಲ್ಲಿ ಗುರುತಿನ ಚೀಟಿ, ಬೆನ್ನ ಮೇಲೆ ಲ್ಯಾಪ್‌ಟಾಪ್ ಚೀಲ. ಯಾರು ವಿದ್ಯಾರ್ಥಿ, ಯಾರು ಉದ್ಯೋಗಿ ಎಂದು ಹೇಳುವುದು ಕಷ್ಟ. ಕೋಲ್ಕತ್ತದ ಪೂರ್ವದ ಅಂಚಿನ ಉಪ್ಪುನೀರಿನ ಜೌಗಿಗೆ ಹೂಗ್ಲಿ ನದಿಯ ಹೂಳು ತುಂಬಿಸಿ ಎಬ್ಬಿಸಿದ ಊರು ಸಾಲ್ಟ್ ಲೇಕ್. ಅದರ ಐದನೇ ಭಾಗ ಇದು. ನಮ್ಮ ಎಲೆಕ್ಟ್ರಾನಿಕ್ ಸಿಟಿಯಂತೆ ಗಾಜಿನ ಕಟ್ಟಡಗಳು, ನಡುನಡುವೆ ಎಂಜಿನಿಯರಿಂಗ್ ಕಾಲೇಜುಗಳು. ಒಂದು ಕೂಡುರಸ್ತೆಗೆ ಕಾಲೇಜ್ ಮೋರ್ ಎಂದೇ ಹೆಸರು. ಫುಟ್‌ಪಾತಿನುದ್ದಕ್ಕೂ ಲೂಚಿ, ಆಲೂದಮ್, ಘುಗ್ನಿ, ಅನ್ನ–ಮೀನುಸಾರಿನ ಅಂಗಡಿಗಳು. ಅಲ್ಲಿನ ಬೆಂಚಿನ ಮೇಲೆ ಕ್ಯಾಂಪಸ್ ಸಂದರ್ಶನಕ್ಕೆ ಕಾದಿರುವ ಹುಡುಗನೂ ರಾತ್ರಿಪಾಳಿ ಮುಗಿಸಿ ಬಂದ ಹುಡುಗಿಯೂ ಅಕ್ಕಪಕ್ಕ ಕೂತು ಉಣ್ಣುತ್ತಾರೆ.

ಪಶ್ಚಿಮ ಬಂಗಾಳದ ಆರೋಗ್ಯ ಇಲಾಖೆಯ ಕೇಂದ್ರ ಕಚೇರಿ, ಸ್ವಾಸ್ಥ್ಯ ಭವನ, ಇರುವುದೂ ಇದೇ ಸೆಕ್ಟರ್ ಫೈವ್‌ನಲ್ಲಿ. 2024ರ ಸೆಪ್ಟೆಂಬರ್ 10ರ ಮಂಗಳವಾರ ಸಾಲ್ಟ್ ಲೇಕ್‌ನ ಕರುಣಾಮಯಿ ಪ್ರದೇಶದಿಂದ ಹೊರಟ ಕಿರಿಯ ವೈದ್ಯರ ಮೆರವಣಿಗೆ ಇದರ ಮುಂದೆ ಬಂದು ನಿಂತಿತು. ಕೆಲವರ ಕೈಯಲ್ಲಿ ಪೊರಕೆ, ಜೊತೆಗೆ ಮನುಷ್ಯನ ಮಿದುಳಿನ ಒಂದು ಮಾದರಿ. ಇಲಾಖೆಯನ್ನು ಗುಡಿಸಬೇಕು, ಅಧಿಕಾರಿಗಳು ಬುದ್ಧಿ ಉಪಯೋಗಿಸಬೇಕು ಎಂಬುದು ಅದರ ಅರ್ಥ. ಅಂದು ಸಂಜೆ ಐದರೊಳಗೆ ಕೆಲಸಕ್ಕೆ ಮರಳಿ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಐದು ಗಂಟೆ ಕಳೆಯಿತು. ಅವರು ರಸ್ತೆಯ ಮೇಲೆಯೇ ಕೂತರು.

ಹಿಂದಿನ ತಿಂಗಳು, ಆಗಸ್ಟ್ 9ರ ಬೆಳಿಗ್ಗೆ, ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನ ಸೆಮಿನಾರ್ ಹಾಲ್‌ನಲ್ಲಿ ಅವರ ಸಹಪಾಠಿಯ ಶವ ಸಿಕ್ಕಿತ್ತು. ಅತ್ಯಾಚಾರ ಎಸಗಿ ಕೊಲ್ಲಲಾಗಿತ್ತು. ಎಲ್ಲರೂ ಆಕೆಯನ್ನು ಡಾಕ್ಟರ್ ಎಂದೇ ಕರೆದರು. ಆಕೆ ಸ್ನಾತಕೋತ್ತರ ವಿದ್ಯಾರ್ಥಿನಿಯೂ ಹೌದು ಎಂಬುದು ಆ ಗದ್ದಲದಲ್ಲಿ ಹಿಂದೆ ಸರಿಯಿತು. ನನಗೆ ಅದೇ ಮುಖ್ಯವೆನಿಸುತ್ತದೆ. 36 ಗಂಟೆಗಳ ಸರದಿಯ ನಡುವೆ ಒಂದಿಷ್ಟು ಮಲಗಲು ವಿದ್ಯಾರ್ಥಿನಿಯೊಬ್ಬಳು ಪಾಠ ಹೇಳುವ ಕೋಣೆಗೆ ಹೋಗಬೇಕಾಯಿತು. 1886ರಿಂದ ನಡೆದುಬಂದಿರುವ ಕಾಲೇಜು ಅದು!

ಧರಣಿಯ ರಸ್ತೆಯನ್ನು ಕಣ್ಣೆದುರು ತಂದುಕೊಳ್ಳಿ. ಡಾಂಬರಿನ ಮೇಲೆ ಬಣ್ಣದಲ್ಲಿ ಬರೆದ ದೊಡ್ಡ ದೊಡ್ಡ ಬಂಗಾಳಿ ಅಕ್ಷರ. ಅದರ ಮೇಲೆ ಹಾಸಿದ ಪ್ಲಾಸ್ಟಿಕ್ ಹಾಳೆ. ಹಾಳೆಯ ಮೇಲೆ ಚಪ್ಪಲಿ ಬಿಟ್ಟು ಕೂತ ನೂರಾರು ಹುಡುಗ ಹುಡುಗಿಯರು. ತಲೆಯ ಮೇಲೆ ಟಾರ್ಪಾಲು. ಭಾದ್ರಪದದ ಸೆಕೆಗೆ ಯಾರೋ ತಂದಿಟ್ಟ ಫ್ಯಾನುಗಳು. ಹೆಸರು ಹೇಳದ ಜನ ಊಟದ ಡಬ್ಬಿ, ಬಿಸ್ಕೆಟ್, ನೀರಿನ ಬಾಟಲಿ ಹೊತ್ತು ತಂದರು. 'ವಿ ವಾಂಟ್ ಜಸ್ಟಿಸ್' ಎಂದು ಒಬ್ಬರು ಕೂಗಿದರೆ ಸುತ್ತಲಿನ ಗಾಜಿನ ಗೋಡೆಗಳಿಗೆ ತಾಗಿ ಆ ದನಿ ಮರಳುತ್ತಿತ್ತು. 14ರ ಶನಿವಾರ ಮಳೆ ಜಡಿಯಿತು. ಅಂದೇ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಅಲ್ಲಿಗೆ ಬಂದು ಮಾತಾಡಿ ಹೋದರು. ಧರಣಿ ಮಾತ್ರ ಕದಲಲಿಲ್ಲ.

ಅವರು ಕೇಳಿದ್ದೇನು? ಸಹಪಾಠಿಗೆ ನ್ಯಾಯ, ಅಧಿಕಾರಿಗಳ ವಜಾ; ಇವು ಪತ್ರಿಕೆಗಳ ಮುಖಪುಟಕ್ಕೆ ಬಂದವು. ಉಳಿದ ಬೇಡಿಕೆಗಳನ್ನು ಓದಿದರೆ ಹೊಟ್ಟೆ ಚುರ್ರೆನ್ನುತ್ತದೆ. ರಾತ್ರಿ ಸರದಿಯವರಿಗೆ ಮಲಗಲು ಕೋಣೆ. ಶೌಚಾಲಯ. ಸಿಸಿಟಿವಿ. ಅಪಾಯವಾದರೆ ಒತ್ತಲು ಒಂದು ಗುಂಡಿ. ಮತ್ತೆ 'ಥ್ರೆಟ್ ಕಲ್ಚರ್' ನಿಲ್ಲಬೇಕು, ವಿದ್ಯಾರ್ಥಿ ಸಂಘಗಳಿಗೆ ಚುನಾವಣೆ ನಡೆಯಬೇಕು. ಎದುರು ಮಾತಾಡಿದರೆ ಫೇಲು ಮಾಡುತ್ತಾರೆ, ಹಾಸ್ಟೆಲಿನಿಂದ ಹೊರದಬ್ಬುತ್ತಾರೆ ಎಂಬ ಭಯಕ್ಕೆ ಆ ಹುಡುಗರು ಇಟ್ಟ ಹೆಸರು ಥ್ರೆಟ್ ಕಲ್ಚರ್. ಕಾಲೇಜು ಚುನಾವಣೆಗೆ 1980ರ ದಶಕದ ಕೊನೆಯಲ್ಲೇ ಬೀಗ ಹಾಕಿದ ಕರ್ನಾಟಕದ ನಾವು ಈ ಮಾತನ್ನು ಬಂಗಾಳದ ಸುದ್ದಿಯೆಂದು ತಳ್ಳಿಹಾಕುವಂತಿಲ್ಲ.

ಸರ್ಕಾರ ಆಗಸ್ಟ್‌ನಲ್ಲೇ ಹೊಸ ಸುರಕ್ಷತಾ ಕ್ರಮ ಪ್ರಕಟಿಸಿತ್ತು. ಸಾಧ್ಯವಿದ್ದಲ್ಲಿ ಹೆಣ್ಣುಮಕ್ಕಳಿಗೆ ರಾತ್ರಿಪಾಳಿ ಬೇಡ ಎಂಬ ಸಾಲೂ ಅದರಲ್ಲಿತ್ತು. ಸುತ್ತಲಿನ ಕಚೇರಿಗಳಲ್ಲಿ ರಾತ್ರಿಯಿಡೀ ಹೆಣ್ಣುಮಕ್ಕಳು ದುಡಿಯುವ ಸೆಕ್ಟರ್ ಫೈವ್‌ನಲ್ಲಿ ಕೂತು ಆ ಸಾಲು ಓದಿದವರಿಗೆ ಹೇಗನ್ನಿಸಿರಬೇಕು! ಧರಣಿ ನಡೆದಿರುವಾಗಲೇ, ಸೆಪ್ಟೆಂಬರ್ 17ರಂದು, ಸುಪ್ರೀಂ ಕೋರ್ಟ್ ಇದನ್ನು ಕಟುವಾಗಿ ಟೀಕಿಸಿತು. ಆ ಸಾಲನ್ನು ತೆಗೆಯುವುದಾಗಿ ಸರ್ಕಾರ ಒಪ್ಪಿತು. ರಕ್ಷಣೆ ಕೊಡುವುದು ನಿಮ್ಮ ಹೊಣೆ, ಹೆಣ್ಣುಮಕ್ಕಳನ್ನು ತಡೆಯುವುದಲ್ಲ ಎಂಬುದು ನ್ಯಾಯಪೀಠದ ನಿಲುವು. 2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾಲ್‌ಸೆಂಟರ್ ಉದ್ಯೋಗಿಯೊಬ್ಬಳನ್ನು ಕ್ಯಾಬ್ ಚಾಲಕ ಅತ್ಯಾಚಾರ ಎಸಗಿ ಕೊಂದಾಗಲೂ ಇದೇ ಚರ್ಚೆ ಎದ್ದಿತ್ತು.

ಸುಪ್ರೀಂ ಕೋರ್ಟ್ ಟೀಕಿಸಿದ ಆ ಸೆಪ್ಟೆಂಬರ್ 17ರಂದೇ ಪೊಲೀಸ್ ಕಮಿಷನರ್ ಹಾಗೂ ಆರೋಗ್ಯ ಇಲಾಖೆಯ ಇಬ್ಬರು ನಿರ್ದೇಶಕರ ಸ್ಥಾನ ಬದಲಾಯಿತು. ಸೆಪ್ಟೆಂಬರ್ 20ರಂದು ಕಿರಿಯ ವೈದ್ಯರು ಧರಣಿ ಮುಗಿಸಿ ಸಿಬಿಐ ಕಚೇರಿಯಿರುವ ಸಿಜಿಒ ಕಾಂಪ್ಲೆಕ್ಸ್‌ವರೆಗೆ ನಡೆದರು. ಮರುದಿನ ತುರ್ತು ಸೇವೆಗೆ ಮರಳಿದರು. ಮುಂದೆ ಅಕ್ಟೋಬರ್‌ನಲ್ಲಿ ಧರ್ಮತಲಾದಲ್ಲಿ ಆಮರಣ ಉಪವಾಸ, 2025ರ ಜನವರಿಯಲ್ಲಿ ಸಿಯಾಲ್ದಾ ನ್ಯಾಯಾಲಯದಿಂದ ಅಪರಾಧಿಗೆ ಜೀವಾವಧಿ ಶಿಕ್ಷೆ. ಐದು ತಿಂಗಳ ಬಳಿಕ, 2025ರ ಜೂನ್‌ನಲ್ಲಿ, ಅದೇ ಕೋಲ್ಕತ್ತದ ಕಾನೂನು ಕಾಲೇಜೊಂದರ ಆವರಣದಲ್ಲಿ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರದ ದೂರು ದಾಖಲಾಯಿತು.

ಲೈಂಗಿಕ ಕಿರುಕುಳದ ದೂರು ಕೇಳಲು ಪ್ರತಿ ಕಾಲೇಜಿನಲ್ಲೂ ಆಂತರಿಕ ಸಮಿತಿ ಇರಬೇಕು, ವಿದ್ಯಾರ್ಥಿಗಳ ಪ್ರಕರಣವಾದರೆ ಅದರಲ್ಲಿ ಮೂವರು ವಿದ್ಯಾರ್ಥಿ ಪ್ರತಿನಿಧಿಗಳು ಇರಬೇಕು ಎಂದು ಯುಜಿಸಿಯ 2015ರ ನಿಯಮ ಹೇಳುತ್ತದೆ. ಮಗಳನ್ನೋ ಮಗನನ್ನೋ ಕಾಲೇಜಿಗೆ ಸೇರಿಸಲು ಹೊರಟಿರುವ ತಂದೆತಾಯಿಗಳೇ, ಶುಲ್ಕ ಎಷ್ಟು, ಪ್ಲೇಸ್‌ಮೆಂಟ್ ಎಷ್ಟು ಎಂದು ವಿಚಾರಿಸುವಾಗ ಆ ಸಮಿತಿಯಲ್ಲಿ ಯಾರಿದ್ದಾರೆ ಎಂದೂ ಕೇಳಿ. ರಾತ್ರಿ ಕೆಲಸವಿದ್ದರೆ ಮಲಗುವ ಕೋಣೆ ಎಲ್ಲಿದೆ ಎಂದು ಕೇಳಿ, ಬಾಗಿಲು ತೆಗೆಸಿ ನೋಡಿ.