ಯಾರಿಗೆ ರುಚಿ, ಯಾವ ಬೆಲೆಗೆ ರುಚಿ? ಮರುಪೀಪಾಯಿಯ ರೈ ವಿಸ್ಕಿಯ ಮೌಲ್ಯನಿರ್ಣಯದಲ್ಲಿ ಚತುರ್ಥೀ ವಿಭಕ್ತಿ

1. ಪ್ರಶ್ನೆ

ಪಾನೀಯವೊಂದನ್ನು ಸವಿದು ಪರೀಕ್ಷಿಸುವವರ ಮಾತಿನಲ್ಲಿ ಮೂರು ಬಗೆಯ ಹೇಳಿಕೆಗಳಿರುತ್ತವೆ. ಅದರಲ್ಲಿ ಯಾವ ರುಚಿವಾಸನೆಗಳಿವೆ ಎಂಬ ವರ್ಣನೆ ಮೊದಲನೆಯದು. ಅದು ಹಿಡಿಸಿತೇ ಎಂಬ ಅಭಿರುಚಿಯ ಮಾತು ಎರಡನೆಯದು. ಕೊಟ್ಟ ಹಣಕ್ಕೆ ತಕ್ಕುದೇ ಎಂಬ ಬೆಲೆಯ ತೀರ್ಮಾನ ಮೂರನೆಯದು. ವೈನ್ ವರ್ಣನೆಯ ಪದಕೋಶವನ್ನು ಏಡ್ರಿಯೆನ್ ಲೆಹ್ರರ್ 1983ರ ತಮ್ಮ ಗ್ರಂಥದಲ್ಲಿ ವಿವರವಾಗಿ ಪರಿಶೀಲಿಸಿದ್ದಾರೆ. 'ರುಚಿಯಾಗಿದೆ'ಯಂಥ ಆಖ್ಯಾತಗಳ ಸತ್ಯಾಸತ್ಯತೆ ಒಬ್ಬ ನಿರ್ಣಾಯಕನಿಗೆ ಸಾಪೇಕ್ಷವಾದುದೆಂದು ಪೀಟರ್ ಲಾಸರ್‌ಸೋನ್ 2005ರಲ್ಲಿ ವಾದಿಸಿದ್ದಾರೆ. ಬೆಲೆಯ ತೀರ್ಮಾನವನ್ನು ಮಾತ್ರ ಅಭಿರುಚಿಯ ಮಾತಿನ ಒಂದು ಪ್ರಭೇದವೆಂದು ಎಣಿಸುವ ರೂಢಿ ಸುಲಭವಾಗಿ ಬೆಳೆಯುತ್ತದೆ.

ಕನ್ನಡದಲ್ಲಿ ಈ ರೂಢಿಗೆ ಮೇಲ್ನೋಟದ ಆಧಾರವೂ ಉಂಟು. 'ನನಗೆ ರುಚಿಸಿತು' ಎಂಬಲ್ಲಿ ಸವಿದವರೂ 'ಈ ಬೆಲೆಗೆ ಚೆನ್ನಾಗಿದೆ' ಎಂಬಲ್ಲಿ ಬೆಲೆಯೂ ಚತುರ್ಥಿಯಲ್ಲಿಯೇ ಬರುತ್ತವೆ. ಈ ಎರಡು ಚತುರ್ಥಿಗಳು ಬೇರೆ ಬೇರೆ ಎಂದೂ, ಆ ಕಾರಣದಿಂದಲೇ ರುಚಿಯ ಬಗ್ಗೆ ಸಾಧ್ಯವಾಗದ ಒಂದು ಬಗೆಯ ವಾದವಿವಾದ ಬೆಲೆಯ ಬಗ್ಗೆ ಸಾಧ್ಯವಾಗುತ್ತದೆಂದೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಉದಾಹರಣೆಗೆ ನಾವು ಎತ್ತಿಕೊಂಡಿರುವ ವಸ್ತು ಅಮೆರಿಕದ ಮರುಪೀಪಾಯಿಯ ರೈ ವಿಸ್ಕಿ. ವಾಕ್ಯಗಳೆಲ್ಲ ನಾವೇ ರಚಿಸಿದವು.

2. ವಸ್ತುವಿನ ಪರಿಚಯ

ಅಮೆರಿಕದ ನಿಯಮದಂತೆ ರೈ ವಿಸ್ಕಿಯ ಧಾನ್ಯಮಿಶ್ರಣದಲ್ಲಿ ಕನಿಷ್ಠ ಶೇ. 51ರಷ್ಟು ರೈ ಇರಬೇಕು. ಬಟ್ಟಿಯಿಳಿಸುವಾಗ ಮದ್ಯಸಾರ ಶೇ. 80ನ್ನು ಮೀರಬಾರದು, ಶೇ. 62.5ಕ್ಕೆ ಮೀರದ ಪ್ರಮಾಣದಲ್ಲಿ ಅದನ್ನು ಒಳಭಾಗ ಸುಟ್ಟು ಕರಿಗಟ್ಟಿಸಿದ ಹೊಸ ಓಕ್ ಪೀಪಾಯಿಗೆ ತುಂಬಬೇಕು. 'ಸ್ಟ್ರೇಟ್' ಎಂಬ ವಿಶೇಷಣಕ್ಕೆ ಕನಿಷ್ಠ ಎರಡು ವರ್ಷ ಮಾಗಿರಬೇಕು. ಹೀಗೆ ಮಾಗಿದ ವಿಸ್ಕಿಯನ್ನು ಮತ್ತೆ ಪೋರ್ಟ್, ಮಡೀರಾ, ರಮ್ ಮೊದಲಾದವುಗಳನ್ನು ಹಿಂದೆ ತುಂಬಿಟ್ಟಿದ್ದ ಪೀಪಾಯಿಯಲ್ಲಿ ಕೆಲಕಾಲ ಇರಿಸುವುದುಂಟು. ಕೆಂಟಕಿಯ ಏಂಜೆಲ್ಸ್ ಎನ್ವಿ ತನ್ನ ರೈಯನ್ನು ರಮ್ ಪೀಪಾಯಿಯಲ್ಲಿ ಇರಿಸುತ್ತದೆ. ವರ್ಮಾಂಟ್‌ನ ವಿಸಲ್‌ಪಿಗ್‌ನ 12 ವರ್ಷದ 'ಓಲ್ಡ್ ವರ್ಲ್ಡ್' ಮಡೀರಾ, ಸೋಟರ್ನ್ ಮತ್ತು ಪೋರ್ಟ್ ಪೀಪಾಯಿಗಳಲ್ಲಿ ಮಾಗಿದ ರೈಗಳ ಮಿಶ್ರಣ.

ಇಂಗ್ಲಿಷಿನಲ್ಲಿ ಈ ಎರಡನೆಯ ಮಾಗಿಸುವಿಕೆಗೂ ನುಂಗಿದ ಮೇಲೆ ಬಾಯಲ್ಲಿ ಉಳಿಯುವ ರುಚಿಗೂ 'ಫಿನಿಷ್' ಎಂಬುದೊಂದೇ ಪದ. ಪೀಪಾಯಿಯ ಹೆಸರನ್ನು ಓದಿದವರು ಬಾಯಲ್ಲಿ ಉಳಿದ ರುಚಿಯನ್ನು ಅದರ ಫಲವೆಂದೇ ತಿಳಿಯಲು ಈ ಬಹ್ವರ್ಥತೆ ಅನುವು ಮಾಡಿಕೊಡುತ್ತದೆ. ಗೊಂದಲ ತಪ್ಪಿಸಲು ಇಲ್ಲಿ ಮೊದಲನೆಯದನ್ನು 'ಮರುಪೀಪಾಯಿ' ಎಂದೂ ಎರಡನೆಯದನ್ನು 'ಕೊನೆರುಚಿ' ಎಂದೂ ಕರೆದಿದ್ದೇವೆ.

3. ವರ್ಣನೆ: ಷಷ್ಠಿಯ ಎರಡು ಅರ್ಥಗಳು

ಬೆಲೆಯ ತೀರ್ಮಾನ ವರ್ಣನೆಯನ್ನು ಅವಲಂಬಿಸಿರುವುದರಿಂದ ಮೊದಲು ವರ್ಣನೆಯ ರಚನೆಯನ್ನು ಗಮನಿಸಬೇಕು.

(1) ಇದರಲ್ಲಿ ಲವಂಗದ ಘಮವಿದೆ.
(2) ಇದರಲ್ಲಿ ಪೋರ್ಟ್‌ನ ಘಮವಿದೆ.

ವ್ಯಾಕರಣದ ದೃಷ್ಟಿಯಿಂದ ಎರಡೂ ಒಂದೇ. ಆದರೆ ಪೀಪಾಯಿಗೆ ಯಾರೂ ಲವಂಗ ಹಾಕಿರುವುದಿಲ್ಲ. ಲವಂಗದ ಘಮಕ್ಕೆ ಮುಖ್ಯ ಕಾರಣವಾದ ಯೂಜಿನಾಲ್ ಓಕ್ ಮರದಿಂದಲೂ ವಿಸ್ಕಿಗೆ ಇಳಿಯುತ್ತದೆ. ಆದುದರಿಂದ (1)ರ ಷಷ್ಠಿ ಸಾದೃಶ್ಯವನ್ನು ಮಾತ್ರ ಹೇಳುತ್ತದೆ. (2)ರಲ್ಲಿ ಸಾದೃಶ್ಯದ ಜೊತೆಗೆ ಮೂಲದ ಅರ್ಥವೂ ಸೇರಿಕೊಳ್ಳುತ್ತದೆ: ಈ ಘಮ ಪೋರ್ಟ್ ಪೀಪಾಯಿಯಿಂದ ಬಂದಿದೆ. ಮರುಪೀಪಾಯಿಗಾಗಿ ಹೆಚ್ಚಿನ ಹಣ ಕೇಳುವಾಗ ಆಧಾರವಾಗುವುದು ಈ ಎರಡನೆಯ ಅರ್ಥವೇ. ಮೊರೊ, ಬ್ರೊಶೆ ಮತ್ತು ದ್ಯುಬುರ್ದಿಯೂ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನನ್ನು 54 ಮಂದಿ ಕೆಂಪು ವೈನಿಗೆ ಬಳಸುವ ಪದಗಳಿಂದಲೇ ವರ್ಣಿಸಿದ್ದರು. ಬಣ್ಣವೊಂದು ಇಷ್ಟು ಮಾಡಬಲ್ಲುದಾದರೆ ಚೀಟಿಯ ಮೇಲಿನ 'ಪೋರ್ಟ್' ಎಂಬ ಪದ (2)ನ್ನು ಪ್ರೇರೇಪಿಸುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

ಪದಗಳ ಆಯ್ಕೆಯಲ್ಲಿ ಇನ್ನೊಂದು ತೊಡಕಿದೆ. ರೈಯ ಬಗ್ಗೆ ಇಂಗ್ಲಿಷಿನಲ್ಲಿ ಬಹುವಾಗಿ ಬಳಕೆಯಾಗುವ 'ಸ್ಪೈಸಿ' ಎಂಬುದನ್ನು 'ಖಾರ' ಎಂದು ಕನ್ನಡಿಸಿದರೆ ಅರ್ಥ ತಪ್ಪುತ್ತದೆ. ಕನ್ನಡದಲ್ಲಿ ನಾಲಗೆಗೆ ತಾಗುವುದು ಖಾರ, ಮೂಗಿಗೆ ಹೊಡೆಯುವುದು ಘಾಟು, ಗಂಟಲಲ್ಲಿ ಇಳಿಯುವ ಮದ್ಯಸಾರದ್ದು ಉರಿ, ಚಕ್ಕೆಲವಂಗಗಳದ್ದು ಮಸಾಲೆಯ ಘಮ, ಓಕ್‌ನ ಟ್ಯಾನಿನ್ನಿನದು ಒಗರು. 'ಸ್ಪೈಸಿ' ಒಂದುಗೂಡಿಸುವ ಹಲವು ಅನುಭವಗಳನ್ನು ಕನ್ನಡ ಬಿಡಿಸಿ ಇಡುತ್ತದೆ. ಶೇ. 50ರ ಮದ್ಯಸಾರದ ಉರಿಯನ್ನು ರೈಯ ಮಸಾಲೆಯೆಂದು ಎಣಿಸಿ ಅದಕ್ಕೆ ಬೆಲೆ ಕಟ್ಟುವ ದೋಷ ಇದರಿಂದ ಕಡಿಮೆಯಾದೀತು.

4. ಎರಡು ಚತುರ್ಥಿಗಳು

ಅನುಭವಿಯ ಚತುರ್ಥಿ ದ್ರಾವಿಡ ಭಾಷಾವಿಜ್ಞಾನದಲ್ಲಿ ಚಿರಪರಿಚಿತ. ಕನ್ನಡದ ಸಂದರ್ಭದಲ್ಲಿ ಎಸ್. ಎನ್. ಶ್ರೀಧರ್ 1979ರಲ್ಲಿಯೇ ಅದರ ಕರ್ತೃಲಕ್ಷಣಗಳನ್ನು ಚರ್ಚಿಸಿದ್ದಾರೆ. ಬೆಲೆಯ ಚತುರ್ಥಿ ಅದಲ್ಲ. 'ಹುಡುಗ ವಯಸ್ಸಿಗೆ ಎತ್ತರ' ಎಂಬಲ್ಲಿ ಕಾಣುವ, ಹೋಲಿಕೆಯ ಮಾನದಂಡವನ್ನು ಒದಗಿಸುವ ಚತುರ್ಥಿ ಅದು. 'ಕಾಸಿಗೆ ತಕ್ಕ ಕಜ್ಜಾಯ' ಎಂಬ ಗಾದೆಯಲ್ಲಿ 'ತಕ್ಕ' ಎಂಬ ಪದವೇ ಈ ಚತುರ್ಥಿಯನ್ನು ಅಪೇಕ್ಷಿಸುತ್ತದೆ. 'ಈ ಬೆಲೆಗೆ ಉತ್ತಮ' ಎಂಬಲ್ಲಿ ಅದು ಐಚ್ಛಿಕ. ಇವೆರಡರ ಭೇದವನ್ನು ಬದಿಗಿಟ್ಟು ಅನುಭವಿಯ ಚತುರ್ಥಿಯಿಂದ ಮಾನದಂಡದ ಚತುರ್ಥಿಯನ್ನು ಬೇರ್ಪಡಿಸುವ ಮೂರು ಪರೀಕ್ಷೆಗಳನ್ನು ನೋಡೋಣ.

ಮೊದಲನೆಯದು, ಸಹಸ್ಥಿತಿ.

(3) ನನಗೆ ಈ ಬೆಲೆಗೆ ಇದು ಸಾಧಾರಣವೆನ್ನಿಸಿತು.

ಎರಡೂ ಒಂದೇ ವಾಕ್ಯದಲ್ಲಿ ಬರಬಲ್ಲವಾದ್ದರಿಂದ ಒಂದೇ ಸ್ಥಾನಕ್ಕಾಗಿ ಸ್ಪರ್ಧಿಸುತ್ತಿಲ್ಲ. ಎರಡನೆಯದು, ವಿಸ್ತರಣೆ. 'ಈ ಬೆಲೆಗೆ' ಎಂಬುದನ್ನು 'ಈ ಬೆಲೆಗೆ ಹೋಲಿಸಿದರೆ' ಎಂದು ಹಿಗ್ಗಿಸಿದರೆ (3)ರ ಅರ್ಥ ಹೆಚ್ಚು ಬದಲಾಗದು. 'ನನಗೆ ಹೋಲಿಸಿದರೆ' ಎಂದರೆ ವಿಸ್ಕಿಯನ್ನು ವ್ಯಕ್ತಿಯೊಂದಿಗೆ ತೂಗಿದಂತಾಗುತ್ತದೆ. ಮೂರನೆಯದು, ಪರಿವರ್ತನೆ.

(4) ಈ ಬೆಲೆಗೆ ರುಚಿ ಸಾಲದು.
(5) ಈ ರುಚಿಗೆ ಬೆಲೆ ಹೆಚ್ಚು.

ಮಾನದಂಡವೂ ಅಳೆಯಲ್ಪಡುವುದೂ ಇಲ್ಲಿ ಸ್ಥಾನ ಬದಲಿಸಿಕೊಂಡಿವೆ. ತೀರ್ಮಾನ ಹೆಚ್ಚುಕಡಿಮೆ ಅದೇ. ಅನುಭವಿಯ ಚತುರ್ಥಿಗೆ ಇಂಥ ಪರಿವರ್ತನೆಯೇ ಇಲ್ಲ.

ಈ ಭೇದದ ಪರಿಣಾಮ ನಿರಾಕರಣೆಯಲ್ಲಿ ಸ್ಪಷ್ಟವಾಗುತ್ತದೆ. 'ನನಗೆ ರುಚಿಸಿತು' ಎಂದವರಿಗೆ 'ಇಲ್ಲ, ನಿಮಗೆ ರುಚಿಸಲಿಲ್ಲ' ಎಂದು ಉತ್ತರಿಸುವುದು ಅಸಂಗತ. 'ಇದು ರುಚಿಯಾಗಿದೆ' ಎಂದವರಿಗೆ 'ಇಲ್ಲ, ರುಚಿಯಾಗಿಲ್ಲ' ಎನ್ನಬಹುದಾದರೂ ಮುಂದೆ ಕೊಡಬಹುದಾದ ಕಾರಣಗಳು ಬೇಗ ಮುಗಿಯುತ್ತವೆ. 'ಈ ಬೆಲೆಗೆ ಉತ್ತಮ' ಎಂದವರಿಗಾದರೋ 'ಇಲ್ಲ, ಇದೇ ಬೆಲೆಗೆ ಇನ್ನೂ ಹಳೆಯ ರೈ ಸಿಗುತ್ತದೆ' ಎಂದು ಉತ್ತರಿಸಬಹುದು. ಈ ಉತ್ತರ ಮೊದಲ ವಕ್ತೃವಿನ ನಾಲಗೆಯನ್ನು ಪ್ರಶ್ನಿಸುವುದಿಲ್ಲ. ಅವರು ಆಯ್ದ ಹೋಲಿಕೆಯ ವರ್ಗವನ್ನು ಪ್ರಶ್ನಿಸುತ್ತದೆ.

5. ಸವಿಯದೆ ಹೇಳಬಹುದಾದುದು

'ರುಚಿಯಾಗಿದೆ' ಎನ್ನುವವರು ತಾವೇ ಸವಿದಿದ್ದಾರೆಂಬ ಧ್ವನಿ ಆ ಮಾತಿನಲ್ಲಿದೆ. ಸವಿಯದವರು 'ರುಚಿಯಾಗಿದೆಯಂತೆ' ಎಂದೋ 'ರುಚಿಯಾಗಿರಬಹುದು' ಎಂದೋ ಹೇಳಬೇಕು. ಬೆಲೆಯ ತೀರ್ಮಾನಗಳು ಈ ವಿಷಯದಲ್ಲಿ ಎರಡಾಗಿ ಒಡೆಯುತ್ತವೆ.

(6) ಆರು ವರ್ಷದ ರೈಗೆ ಈ ಬೆಲೆ ಹೆಚ್ಚು.

(4) ಮತ್ತು (5)ನ್ನು ಹೇಳಲು ಸವಿದಿರಬೇಕು. (6)ಕ್ಕೆ ಚೀಟಿ ಓದಿದರೆ ಸಾಕು. ವಯಸ್ಸು, ಮದ್ಯಸಾರದ ಪ್ರಮಾಣ, ಪೀಪಾಯಿಯ ಬಗೆ ಇವೆಲ್ಲ ಚೀಟಿಯಿಂದ ತಿಳಿಯಬಹುದಾದವು. ಮರುಪೀಪಾಯಿಯ ತೊಡಕು ಇಲ್ಲಿಯೇ ಇದೆ. ಅಲ್ಲಿ ಎಷ್ಟು ಕಾಲ ಇರಿಸಬೇಕೆಂಬ ಕನಿಷ್ಠ ಅವಧಿಯನ್ನು ಅಮೆರಿಕದ ನಿಯಮ ವಿಧಿಸಿಲ್ಲ. ಕೆಲವು ವಾರವೂ ಮರುಪೀಪಾಯಿಯೇ, ಎರಡು ವರ್ಷವೂ ಮರುಪೀಪಾಯಿಯೇ. ಆದುದರಿಂದ 'ಪೋರ್ಟ್ ಪೀಪಾಯಿಯದ್ದಕ್ಕೆ ಈ ಬೆಲೆ ಸರಿ' ಎಂಬ ವಾಕ್ಯ (6)ರಂತೆ ಕಂಡರೂ ಅದರ ಮಾನದಂಡಕ್ಕೆ ನಿಶ್ಚಿತ ಅಳತೆಯಿಲ್ಲ. ಅದನ್ನು ಸಮರ್ಥಿಸಲು ಕೊನೆಗೂ ನಾಲಗೆಯ ಮೊರೆಹೋಗಬೇಕು.

6. ಬೆಲೆ ನಾಲಗೆಗೆ ಇಳಿದಾಗ

ವ್ಯಾಕರಣದಲ್ಲಿ ಬೇರೆಯಾದ ಎರಡು ಚತುರ್ಥಿಗಳು ಅನುಭವದಲ್ಲಿಯೂ ಬೇರೆಯಾಗಿಯೇ ಇರುತ್ತವೆಯೇ? ವೈನಿನ ಮೇಲೆ ನಡೆದ ಅಧ್ಯಯನಗಳು ಇಲ್ಲವೆನ್ನುತ್ತವೆ. ಹಿಲ್ಕೆ ಪ್ಲಾಸ್‌ಮನ್ ಮತ್ತು ಸಂಗಡಿಗರ 2008ರ ಪ್ರಯೋಗದಲ್ಲಿ ಒಂದೇ ವೈನನ್ನು 10 ಡಾಲರಿನದೆಂದೂ 90 ಡಾಲರಿನದೆಂದೂ ಹೇಳಿ ಕೊಟ್ಟಾಗ, ಹೆಚ್ಚಿನ ಬೆಲೆಯದು ಹೆಚ್ಚು ಹಿತವೆನ್ನಿಸಿತು. ಅದೇ ವರ್ಷ ಗೋಲ್ಡ್‌ಸ್ಟೈನ್ ಮತ್ತು ಸಂಗಡಿಗರು ಬೆಲೆ ತಿಳಿಯದೆ ನಡೆದ 6,000ಕ್ಕೂ ಹೆಚ್ಚು ಸವಿಯುವಿಕೆಗಳನ್ನು ವಿಶ್ಲೇಷಿಸಿ, ತರಬೇತಿಯಿಲ್ಲದವರಿಗೆ ದುಬಾರಿ ವೈನ್ ಹೆಚ್ಚು ಹಿಡಿಸುವುದಿಲ್ಲವೆಂದು ಕಂಡುಕೊಂಡರು. ಬೆಲೆಯನ್ನು ತಿಳಿದು ಸವಿದವರ 'ನನಗೆ' ಎಂಬುದರಲ್ಲಿ 'ಈ ಬೆಲೆಗೆ' ಎಂಬುದು ಆಗಲೇ ಬೆರೆತಿರುತ್ತದೆ. ಅಂಥವರು ರುಚಿಯನ್ನು ಬೆಲೆಯೊಂದಿಗೆ ತೂಗಿದರೆ ತಕ್ಕಡಿಯ ಎರಡು ತಟ್ಟೆಗಳಲ್ಲಿಯೂ ಬೆಲೆಯೇ ಕುಳಿತಂತಾಗುತ್ತದೆ.

ಮೌಲ್ಯನಿರ್ಣಯದ ಕ್ರಮ ಇದರಿಂದ ತಾನಾಗಿ ಹೊರಡುತ್ತದೆ. ಮೊದಲು ಬೆಲೆ ಮತ್ತು ಚೀಟಿ ಎರಡನ್ನೂ ಮರೆಮಾಡಿ ಸವಿದು, ಷಷ್ಠಿಯನ್ನು ಸಾದೃಶ್ಯದ ಅರ್ಥದಲ್ಲಿ ಮಾತ್ರ ಬಳಸಿ ವರ್ಣನೆ ಬರೆಯಬೇಕು. ಅನಂತರ ಅಭಿರುಚಿಯನ್ನು ಚತುರ್ಥಿಯ ಅನುಭವಿಯೊಡನೆ ದಾಖಲಿಸಬೇಕು. ಅದೇ ರೈ ಮರುಪೀಪಾಯಿಗೆ ಹೋಗದ ರೂಪದಲ್ಲಿಯೂ ದೊರೆಯುವುದಾದರೆ ಎರಡನ್ನೂ ಹೀಗೆ ಸವಿಯಬೇಕು; ಏಕೆಂದರೆ (2)ರ ಮೂಲಾರ್ಥಕ್ಕೆ ನಾಲಗೆ ಒದಗಿಸಬಲ್ಲ ಸಾಕ್ಷ್ಯ ಅವೆರಡರ ವ್ಯತ್ಯಾಸವೊಂದೇ. ಬೆಲೆಯನ್ನು ಕಟ್ಟಕಡೆಗೆ ತೆರೆದು, ಯಾವುದರೊಂದಿಗೆ ಹೋಲಿಸುತ್ತಿದ್ದೇವೆಂಬುದನ್ನು ಹೆಸರಿಸಬೇಕು.

7. ಉಪಸಂಹಾರ

ನಿರ್ಣಾಯಕನನ್ನು ವಾಕ್ಯಾರ್ಥದಲ್ಲಿ ಎಲ್ಲಿ ಇರಿಸಬೇಕೆಂಬ ಚರ್ಚೆ ಬಹುಪಾಲು ಇಂಗ್ಲಿಷಿನ ಸಾಕ್ಷ್ಯವನ್ನು ಆಧರಿಸಿ ಬೆಳೆದಿದೆ. ಕನ್ನಡ ಆ ಚರ್ಚೆಗೆ ಕೊಡುವ ಸಾಕ್ಷ್ಯ ಎಚ್ಚರಿಕೆಯ ರೂಪದ್ದು: ವಿಭಕ್ತಿಪ್ರತ್ಯಯ ಒಂದೇ ಆದಮಾತ್ರಕ್ಕೆ ಸಾಪೇಕ್ಷತೆಯೂ ಒಂದೇ ಎನ್ನಲಾಗದು. ವ್ಯಕ್ತಿಗೆ ಸಾಪೇಕ್ಷವಾದುದನ್ನು ಗೌರವಿಸಿ ಸುಮ್ಮನಾಗಬಹುದು. ಬೆಲೆಗೆ ಸಾಪೇಕ್ಷವಾದುದಕ್ಕೆ ಕಾರಣ ಕೇಳಬಹುದು. ಮರುಪೀಪಾಯಿಯ ಹೆಸರಿನಲ್ಲಿ ಹೆಚ್ಚಿನ ಹಣ ಕೇಳಿದಾಗ ಕೇಳಲೇಬೇಕು. 'ಲೋಕೋ ಭಿನ್ನರುಚಿಃ' ಎಂಬ ಮಾತು ಮೊದಲನೆಯ ಚತುರ್ಥಿಗೆ ಸಲ್ಲುತ್ತದೆ, ಎರಡನೆಯದಕ್ಕೆ ಸಲ್ಲುವುದಿಲ್ಲ.